ಅಬು ನಿದಾಲ್: ಸರ್ಕಾರಗಳು ಸಾಕಿದ ಬಂದೂಕು

ಪ್ಯಾಲೆಸ್ಟೀನಿನ ಜಾಫಾದಲ್ಲಿ ಕಿತ್ತಳೆ ತೋಟಗಳ ಒಡೆಯನೊಬ್ಬನ ಮನೆಯಲ್ಲಿ 1937ರಲ್ಲಿ ಹುಟ್ಟಿದವನು ಸಬ್ರಿ ಅಲ್-ಬನ್ನಾ. 1948ರ ಯುದ್ಧದಲ್ಲಿ ಮನೆ, ತೋಟ ಎರಡೂ ಕೈಬಿಟ್ಟುಹೋದವು. ಅಂದು ನೆಲೆ ಕಳೆದುಕೊಂಡವರು ಸುಮಾರು ಏಳು ಲಕ್ಷ ಮಂದಿ, ಅವರೆಲ್ಲ ಕೊಲೆಗಡುಕರಾಗಲಿಲ್ಲ. ಸಬ್ರಿ ಜಗತ್ತನ್ನು ನಡುಗಿಸಿದ ‘ಅಬು ನಿದಾಲ್’ ಆದದ್ದು ಸರ್ಕಾರಗಳ ಕೃಪೆಯಿಂದ.

1970ರಲ್ಲಿ ಪ್ಯಾಲೆಸ್ಟೀನ್ ನಾಯಕ ಯಾಸಿರ್ ಅರಾಫತ್ ಅವರ ಫತಾ ಸಂಘಟನೆ ಅವನನ್ನು ಪ್ರತಿನಿಧಿಯಾಗಿ ಬಾಗ್ದಾದಿಗೆ ಕಳಿಸಿತು. ಅವನು ಇರಾಕಿನ ಆಳುವವರ ಮನುಷ್ಯನಾಗಿಬಿಟ್ಟ. 1974ರಲ್ಲಿ ಫತಾದಿಂದ ಸಿಡಿದು ಹೊರಬಂದಾಗ, ಅಲ್ಲಿನ ಫತಾ ಆಸ್ತಿಯನ್ನೇ ಇರಾಕ್ ಅವನ ವಶಕ್ಕೆ ಕೊಟ್ಟಿತು. ಫತಾ ಅವನಿಗೆ ಮರಣದಂಡನೆ ವಿಧಿಸಿತು.

ಅವನ ಗುಂಡಿಗೆ ಬಲಿಯಾದವರಲ್ಲಿ ಸ್ವಂತ ಜನರೇ ಇದ್ದರು ಎಂಬುದನ್ನು ಮರೆಯುವಂತಿಲ್ಲ. ಇಸ್ರೇಲಿಗಳೊಡನೆ ಮಾತುಕತೆಗೆ ಮುಂದಾಗಿದ್ದ ಸಯೀದ್ ಹಮ್ಮಾಮಿ 1978ರಲ್ಲಿ ಲಂಡನ್ನಿನಲ್ಲಿ, ಇಸ್ಸಾಂ ಸರ್ತಾವಿ 1983ರಲ್ಲಿ ಪೋರ್ಚುಗಲ್ಲಿನಲ್ಲಿ ಹತರಾದರು. ಶಾಂತಿಯ ಬಾಗಿಲು ತಟ್ಟಿದ ಪ್ಯಾಲೆಸ್ಟೀನಿಯರನ್ನೇ ಹುಡುಕಿ ಕೊಂದವನನ್ನು ಪ್ಯಾಲೆಸ್ಟೀನಿನ ಹೋರಾಟಗಾರ ಎನ್ನುವುದು ಹೇಗೆ?

1982ರ ಜೂನ್ 3ರಂದು ಅವನ ಕಡೆಯವರು ಲಂಡನ್ನಿನಲ್ಲಿ ಇಸ್ರೇಲಿನ ರಾಯಭಾರಿ ಶ್ಲೋಮೋ ಅರ್ಗೋವ್ ಮೇಲೆ ಗುಂಡು ಹಾರಿಸಿದರು. ಮೂರೇ ದಿನಕ್ಕೆ ಇಸ್ರೇಲಿನ ಸೇನೆ ಲೆಬನಾನಿಗೆ ನುಗ್ಗಿತು. ಏಟು ತಿಂದದ್ದು ಅಬು ನಿದಾಲನ ಬದ್ಧವೈರಿ ಅರಾಫತ್ ಪಡೆ ಮತ್ತು ಲೆಬನಾನಿನ ಸಾಮಾನ್ಯ ಜನ.

ಇರಾನ್ ಜೊತೆಗಿನ ಯುದ್ಧದಲ್ಲಿ ಸದ್ದಾಂ ಹುಸೇನನಿಗೆ ಅಮೆರಿಕದ ಒಲವು ಬೇಕಾಯಿತು. 1983ರಲ್ಲಿ ಈ ಅತಿಥಿಯನ್ನು ಹೊರಗಟ್ಟಿದ. ಸಿರಿಯಾ ಕರೆದುಕೊಂಡಿತು. 1976ರಲ್ಲಿ ಇವನ ಬಂದೂಕುಧಾರಿಗಳೇ ಡಮಾಸ್ಕಸ್ಸಿನ ಹೋಟೆಲೊಂದರ ಮೇಲೆ ದಾಳಿ ಮಾಡಿದ್ದರೂ, ಜೋರ್ಡಾನನ್ನು ಬೆದರಿಸಲು ಈಗ ಅದೇ ಬಂದೂಕು ಬೇಕಿತ್ತು. 1985ರ ಡಿಸೆಂಬರ್ 27ರಂದು ರೋಮ್, ವಿಯೆನ್ನಾ ವಿಮಾನ ನಿಲ್ದಾಣಗಳ ಸರತಿ ಸಾಲುಗಳ ಮೇಲೆ ಇವನ ಕಡೆಯವರ ಗ್ರೆನೇಡ್‌ಗಳು ಬಿದ್ದವು. ಮುಂದೆ ಸಿರಿಯಾಕ್ಕೂ ಅವನು ಹೊರೆಯಾದ. ಲಿಬಿಯಾದಲ್ಲಿ ಗಡಾಫಿ ಆಸರೆ ಕೊಟ್ಟ.

ಈ ಕಥೆ ಭಾರತವನ್ನೂ ಮುಟ್ಟಿತು. 1986ರ ಸೆಪ್ಟೆಂಬರ್ 5ರಂದು ಮುಂಬಯಿಯಿಂದ ಹೊರಟ ಪ್ಯಾನ್ ಆಮ್ 73 ವಿಮಾನ ಕರಾಚಿಯಲ್ಲಿ ಅವನ ಕಡೆಯ ಅಪಹರಣಕಾರರ ಕೈಗೆ ಸಿಕ್ಕಿತು. ಗಗನಸಖಿಯರು ಕೊಟ್ಟ ಎಚ್ಚರಿಕೆಯಿಂದ ಪೈಲಟ್‌ಗಳು ಇಳಿದು ಪಾರಾದರು, ವಿಮಾನ ಮೇಲೇರಲಿಲ್ಲ. ರಾತ್ರಿ ಗುಂಡಿನ ಮಳೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಪ್ರಯಾಣಿಕರನ್ನು ಹೊರಗೆ ಕಳಿಸುತ್ತಲೇ ಪ್ರಾಣ ಬಿಟ್ಟ ಗಗನಸಖಿ ನೀರಜಾ ಭಾನೋಟ್‌ಗೆ ಇನ್ನೂ 23 ತುಂಬಿರಲಿಲ್ಲ. ಭಾರತ ಆಕೆಗೆ ಅಶೋಕ ಚಕ್ರ ನೀಡಿತು.

1980ರ ದಶಕದ ಕೊನೆಗೆ ಸಂಶಯಪಿಶಾಚಿಯಾದ ಅವನು ತನ್ನ ನೂರಾರು ಅನುಚರರನ್ನೇ ಕೊಲ್ಲಿಸಿದ. ಗಡಾಫಿಗೂ ಬೇಡವಾದಾಗ ಬಾಗ್ದಾದಿಗೆ ಮರಳಿದ. 2002ರ ಆಗಸ್ಟಿನಲ್ಲಿ ಅಲ್ಲಿ ಗುಂಡೇಟಿನಿಂದ ಸತ್ತ. ಆತ್ಮಹತ್ಯೆ ಎಂದಿತು ಇರಾಕ್, ನಂಬದವರು ಹಲವರು.

ಒಂದು ಕಾಲಕ್ಕೆ ಅವನಿಗೆ ಆಸರೆಯಾಗಿದ್ದ ಲಿಬಿಯಾ 2008ರಲ್ಲಿ ತನ್ನ ಹಳೆಯ ಕೃತ್ಯಗಳ ಪರಿಹಾರವಾಗಿ 150 ಕೋಟಿ ಡಾಲರ್ ಕೊಟ್ಟಿತು. ಅದು ಅಮೆರಿಕದ ಪ್ರಜೆಗಳಿಗೆ ಮಾತ್ರ. ಪ್ಯಾನ್ ಆಮ್ 73ರಲ್ಲಿ ಗುಂಡೇಟು ತಿಂದ ಭಾರತೀಯರಿಗೆ ಅದರಲ್ಲಿ ಪಾಲಿರಲಿಲ್ಲ.