ಯಾವ ಎಂಜಿನ್ ಆರಿಸಿಕೊಳ್ಳಲಿ?

(ಚಡಚಣದಲ್ಲಿ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೊಬೈಲ್‌ನಲ್ಲಿ ಆಟ ಆಡುವ ಮಕ್ಕಳನ್ನು ನಾವು ಗದರಿಸುತ್ತೇವೆ. ಆದರೆ ಆಟ ತಯಾರಿಸುವುದು ಒಂದು ವಿದ್ಯೆ. ಗಣಿತ, ಚಿತ್ರಕಲೆ, ಕಥೆ ಎಲ್ಲವೂ ಅದರಲ್ಲಿವೆ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಸಂಸ್ಥೆ 1997ರಲ್ಲೇ ಈ ದಾರಿ ಹಿಡಿಯಿತು. ಇಂದು ಚಡಚಣದಲ್ಲಿ ಕುಳಿತ ಒಬ್ಬ ವಿದ್ಯಾರ್ಥಿಯೂ ಇದನ್ನು ಆರಂಭಿಸಬಹುದು. ಆಗ ಎದುರಾಗುವ ಮೊದಲ ಪ್ರಶ್ನೆ, ಯಾವ ಗೇಮ್ ಎಂಜಿನ್ ಆರಿಸಿಕೊಳ್ಳಬೇಕು ಎಂಬುದು.

ಚಿತ್ರ ತೋರಿಸುವುದು, ಧ್ವನಿ ಹೊರಡಿಸುವುದು, ಗೋಡೆಗೆ ಬಡಿದ ಚೆಂಡು ಪುಟಿಯುವಂತೆ ಮಾಡುವುದು ಎಲ್ಲ ಆಟಗಳಿಗೂ ಬೇಕು. ಈ ಕೆಲಸಗಳನ್ನು ಮೊದಲೇ ಸಿದ್ಧಮಾಡಿಟ್ಟ ತಂತ್ರಾಂಶವೇ ಎಂಜಿನ್. ಆರಿಸುವ ಮುನ್ನ ಮೂರು ವಿಷಯ ನೋಡಿರಿ.

ಮೊದಲನೆಯದು ಕರಾರು. ನಾವು ಹೊಲಮನೆಯ ಜನ, ಹೊಲದ ಲೆಕ್ಕದಲ್ಲೇ ಹೇಳುತ್ತೇನೆ. ಅನ್‌ರಿಯಲ್ ಎಂಜಿನ್ ಪಾಲಿಗೆ ಮಾಡಿದ ಹೊಲ. ಒಂದು ಆಟದ ಗಳಿಕೆ 10 ಲಕ್ಷ ಡಾಲರ್ ದಾಟಿದರೆ, ದಾಟಿದ ಹಣದಲ್ಲಿ ಸಾಮಾನ್ಯವಾಗಿ ಶೇ. 5 ಅವರಿಗೆ. ಯೂನಿಟಿ ಲಾವಣಿ ಹೊಲ. ವರ್ಷದ ಆದಾಯ 2 ಲಕ್ಷ ಡಾಲರ್ ದಾಟುವವರೆಗೆ ಉಚಿತ, ಆಮೇಲೆ ಚಂದಾ. 2014ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾದ ಗೋಡೋ ಸ್ವಂತ ಹೊಲ. ಪಾಲೂ ಇಲ್ಲ, ಲಾವಣಿಯೂ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಕಂಪನಿಯು ಆಟವನ್ನು ಇನ್‌ಸ್ಟಾಲ್ ಮಾಡಿದ ಲೆಕ್ಕದ ಮೇಲೆ ಹೊಸ ಶುಲ್ಕ ಘೋಷಿಸಿತು. ವರ್ಷಗಟ್ಟಲೆ ದುಡಿದವರು ಗಾಬರಿಗೊಂಡರು. ಬಹಳ ವಿರೋಧ ಬಂದು 2024ರಲ್ಲಿ ಅದು ರದ್ದಾಯಿತು. ಬಿತ್ತಿದ ಮೇಲೆ ಕರಾರು ಬದಲಾದರೆ ರೈತನ ಗತಿ ಏನು? ಯೋಚಿಸಿರಿ.

ಎರಡನೆಯದು ನಿಮ್ಮ ಕಂಪ್ಯೂಟರ್. ಅನ್‌ರಿಯಲ್‌ಗೆ ಶಕ್ತಿಶಾಲಿ ಯಂತ್ರ ಬೇಕು, ಹತ್ತಾರು ಜಿಬಿ ಜಾಗವೂ ಬೇಕು. ಗೋಡೋ ಬಹಳ ಚಿಕ್ಕದು, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಸರಳ ಆಟಗಳಿಗೆ ಸಾಕಾಗುತ್ತದೆ.

ಮೂರನೆಯದು ಅಕ್ಷರ. 'ಶಾಸ್ತ್ರ' ಎಂದು ಬರೆದು ನೋಡಿರಿ, ಒತ್ತಕ್ಷರ ಒಡೆಯಬಾರದು. ಉರ್ದುವಿನಲ್ಲಿ ಒಂದು ಸಾಲು ಬರೆದು ನೋಡಿರಿ, ಅದು ಬಲದಿಂದ ಎಡಕ್ಕೆ ಕೂಡಿಕೊಂಡು ಬರಬೇಕು. 2023ರಲ್ಲಿ ಬಂದ ಗೋಡೋ 4ರಲ್ಲಿ ಈ ಎರಡೂ ಸೌಲಭ್ಯಗಳಿವೆ. ಬೇರೆ ಎಂಜಿನ್ ಹಿಡಿಯುವವರು ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಿರಿ.

ಹಾಗೆಂದು ಉಳಿದವು ಕೀಳಲ್ಲ. ಪುಣೆಯ ತಂಡವೊಂದು 2020ರಲ್ಲಿ ಹೊರತಂದ 'ರಾಜಿ' ಅನ್‌ರಿಯಲ್‌ನಲ್ಲಿ ತಯಾರಾಯಿತು. ಆಸ್ಟ್ರೇಲಿಯಾದ ಪುಟ್ಟ ತಂಡದ 'ಹಾಲೋ ನೈಟ್' ಯೂನಿಟಿಯಲ್ಲಿ ಹುಟ್ಟಿತು. ಉದ್ಯೋಗ ಹುಡುಕುವವರಿಗೆ ಇವೆರಡರ ಪರಿಚಯ ಅವಶ್ಯ.

ಆದರೆ ಮಿತ್ರರೇ, ದುಬಾರಿ ಕಂಪ್ಯೂಟರ್ ಬೇಕೆಂದು ತಾಯಿಯ ಬಂಗಾರ ಒತ್ತೆ ಇಡಿಸಬೇಡಿರಿ. ಇದ್ದ ಯಂತ್ರದಲ್ಲೇ, ಕಟ್ಟೆಯ ಮೇಲೆ ಗೆರೆ ಎಳೆದು ಆಡುವ ಹುಲಿ-ಕುರಿಯಂಥ ಒಂದು ಆಟ ಮಾಡಿ ಮುಗಿಸಿರಿ. ಅರ್ಧಕ್ಕೆ ಬಿಟ್ಟ ದೊಡ್ಡ ಆಟಕ್ಕಿಂತ ಮುಗಿಸಿದ ಚಿಕ್ಕ ಆಟ ಹೆಚ್ಚು ಕಲಿಸುತ್ತದೆ. ಪಾಲಕರೇ, ಮಗನೋ ಮಗಳೋ ಅದನ್ನು ತಂದು ತೋರಿಸಿದಾಗ ಗದರಿಸಬೇಡಿರಿ, ಒಮ್ಮೆ ಕುಳಿತು ಆಡಿರಿ.