ಮನೆಕಂದಾಯವೂ ಹಾಸಿಗೆ ಹಿಡಿದವರೂ
(ಪಂಚನಹಳ್ಳಿಯ ಸಭೆಯಲ್ಲಿ ಮಾಡಿದ ಭಾಷಣ)



ಬೀದಿದೀಪ, ಚರಂಡಿ, ಕುಡಿಯುವ ನೀರು ನಡೆಯಬೇಕಾದರೆ ಮನೆಕಂದಾಯ ಬೇಕು. ಕಟ್ಟಬೇಡಿರೆಂದು ನಾವು ಹೇಳುವುದಿಲ್ಲ. ಯಾರಿಂದ ಎಷ್ಟು ಎಂಬುದೇ ನಮ್ಮ ಪ್ರಶ್ನೆ.

ಪಕ್ಕದ ಕಡೂರು, ಬೀರೂರು ಪುರಸಭೆಗಳನ್ನೇ ನೋಡಿ. ಏಪ್ರಿಲ್ ತಿಂಗಳಲ್ಲೇ ಕಟ್ಟಿದವರಿಗೆ ನೂರಕ್ಕೆ 5 ರಿಯಾಯಿತಿ. ಕೈಯಲ್ಲಿ ಹಣವಿದ್ದವರಿಗೆ ಇದು ಲಾಭವೇ. ಆದರೆ ಗಿರಣಿ ಕೆಲಸ ಬಿಟ್ಟು ಲಕ್ವ ಹೊಡೆದ ತಾಯಿಯನ್ನು ನೋಡಿಕೊಳ್ಳುವ ಮಗಳು, ಅಂಗಡಿ ಮುಚ್ಚಿ ಗಂಡನ ಹಾಸಿಗೆ ಪಕ್ಕ ಕೂತ ಹೆಂಗಸು ಏಪ್ರಿಲ್‌ನಲ್ಲಿ ಹಣ ಎಲ್ಲಿಂದ ತರಬೇಕು? ರೋಗಿಗೆಂದು ಒಂದು ಬಚ್ಚಲು ಕಟ್ಟಿಸಿದರೆ ಕಟ್ಟಡದ ಅಳತೆ ಬೆಳೆದು ಕಂದಾಯವೂ ಏರುತ್ತದೆ!

ಇಂಗ್ಲೆಂಡಿನಲ್ಲಿ ಇದಕ್ಕೆ ವಿರುದ್ಧ. ಅಂಗವಿಕಲರಿಗಾಗಿ ಹೆಚ್ಚುವರಿ ಬಚ್ಚಲೋ ಕೋಣೆಯೋ ಬೇಕಾದ ಮನೆಯ ತೆರಿಗೆಯನ್ನು ಒಂದು ದರ್ಜೆ ಇಳಿಸುತ್ತಾರೆ. ವಾರಕ್ಕೆ 35 ಗಂಟೆ ಆರೈಕೆ ಮಾಡುವವರನ್ನು, ಕೆಲವು ಷರತ್ತುಗಳ ಮೇಲೆ, ತೆರಿಗೆಯ ತಲೆಲೆಕ್ಕದಿಂದ ಬಿಡುತ್ತಾರೆ.

ನಮ್ಮಲ್ಲೂ ತತ್ವವನ್ನು ಒಪ್ಪಿಯಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಆರೈಕೆದಾರರ ಭತ್ಯೆಯ ಮಾತಾಡುತ್ತದೆ. 2024ರ ರಾಜ್ಯ ಬಜೆಟ್ಟು ಪಾರ್ಕಿನ್ಸನ್ ಮೊದಲಾದ ಕೆಲವು ಕಾಯಿಲೆಯವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಪಟ್ಟಿಯಲ್ಲಿಲ್ಲದ ಕಾಯಿಲೆಯವರ ಗತಿಯೇನು?

ಆದ್ದರಿಂದ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ: ಆರೈಕೆ ನಡೆಯುವ ಮನೆಗೆ ಕಂದಾಯದಲ್ಲಿ ರಿಯಾಯಿತಿ ಬೇಕು; ರೋಗಿಗೆಂದು ಕಟ್ಟಿದ ಬಚ್ಚಲನ್ನು ಅಳತೆಯಿಂದ ಬಿಡಬೇಕು; ಪಂಚಾಯಿತಿಗಾಗುವ ಖೋತಾವನ್ನು ಸರ್ಕಾರ ತುಂಬಬೇಕು. ಹೀಗೆಂದು ಠರಾವು ಮಾಡಿಸಿ ಸರ್ಕಾರಕ್ಕೆ ಕಳಿಸೋಣ.

ಇದು ಭಿಕ್ಷೆಯಲ್ಲ. ಆಸ್ಪತ್ರೆಯ ದುಡಿಮೆಯನ್ನು ಮನೆಯಲ್ಲಿ ಕೂಲಿಯಿಲ್ಲದೆ ಮಾಡುವವರಿಗೆ ಸಮಾಜ ತೀರಿಸಬೇಕಾದ ಬಾಕಿ.