ನಾಗನ ಕಣ್ಣು

ತನ್ನನ್ನು ಕೆಣಕಿದವನ ರೂಪವನ್ನು ನಾಗರಹಾವು ಕಣ್ಣಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲುಂಟು. ಹಾವಿನ ಮಟ್ಟಿಗೆ ಅದು ಬರಿಯ ಕಟ್ಟುಕಥೆ. ಆದರೆ 1983ರಲ್ಲಿ ಭಾರತವು ಕೈಗೊಂಡ ಕ್ಷಿಪಣಿ ಯೋಜನೆಯಲ್ಲಿ ರೂಪುಗೊಂಡ, ಟ್ಯಾಂಕುಗಳನ್ನು ಭೇದಿಸುವ 'ನಾಗ್' ಕ್ಷಿಪಣಿಗೆ ಆ ಮಾತು ಚೆನ್ನಾಗಿ ಒಪ್ಪುತ್ತದೆ.

ಇದರ ಹೊಸತನವನ್ನು ಅರಿಯಲು ಹಿಂದಿನದೊಂದನ್ನು ನೆನೆಯಬೇಕು. 1973ರ ಅಕ್ಟೋಬರ್ ಯುದ್ಧದಲ್ಲಿ, ಸಿನಾಯಿ ಮರಳುಗಾಡಿನಲ್ಲಿ, ಈಜಿಪ್ಟಿನ ಕಾಲಾಳುಗಳು ಇಸ್ರೇಲಿನ ಟ್ಯಾಂಕುಗಳ ಮೇಲೆ ರಷ್ಯದ 'ಮಲ್ಯುತ್ಕಾ' ಕ್ಷಿಪಣಿಯನ್ನು ಬಿಟ್ಟರು. ಆ ಹೆಸರಿಗೆ ಪುಟಾಣಿ ಎಂದರ್ಥ! ಆಯುಧಗಳಿಗೆ ಹೆಸರಿಡುವವರ ವಿನೋದವೇ ವಿಚಿತ್ರ. ಹಿಂದಿನಿಂದ ಸಣ್ಣ ತಂತಿಯನ್ನು ಬಿಚ್ಚುತ್ತ ಅದು ಹಾರುವಾಗ, ಯೋಧನು ಪುಟ್ಟ ಹಿಡಿಯೊಂದನ್ನು ಆಡಿಸುತ್ತ ಕೊನೆಯವರೆಗೂ ಅದನ್ನು ನಡೆಸಬೇಕಾಗಿತ್ತು. 3 ಕಿಲೋಮೀಟರ್ ದೂರಕ್ಕೆ ಸುಮಾರು 25 ಸೆಕೆಂಡು. ಅಷ್ಟು ಹೊತ್ತೂ, ಪಕ್ಕದಲ್ಲೇ ಗುಂಡು ಬಿದ್ದರೂ, ಆತ ಕಣ್ಣು ಕದಲಿಸುವಂತಿರಲಿಲ್ಲ.

ನಾಗ್ ಆ ಬಂಧನವನ್ನು ಕಳಚಿತು. ಟ್ಯಾಂಕಿನ ಶಾಖದಿಂದ ಮೂಡುವ ಅವಗೆಂಪು ಚಿತ್ರವನ್ನು ಹಾರುವ ಮೊದಲೇ ಗ್ರಹಿಸಿ, ಅದನ್ನೇ ಅರಸುತ್ತ 4 ಕಿಲೋಮೀಟರಿನವರೆಗೆ ಸಾಗಿ, ಕವಚ ತೆಳುವಾಗಿರುವ ನೆತ್ತಿಯ ಮೇಲೆ ಎರಗಬಲ್ಲದು. ಬಿಟ್ಟವನು ಆಗಲೇ ಬೇರೆಡೆಗೆ ಸರಿದಿರಬಹುದು. ತೊಡಕಾದದ್ದು ರಾಜಸ್ಥಾನದ ಬಿಸಿಲು. ನಡುಹಗಲಿನಲ್ಲಿ ಮರಳೂ ಉಕ್ಕೂ ಸರಿಸಮನಾಗಿ ಕಾದರೆ ಚಿತ್ರವೇ ಮಸುಕು! ಆ ಕಣ್ಣನ್ನು ಚುರುಕುಗೊಳಿಸಲು ವರ್ಷಗಳೇ ಹಿಡಿದವು. ಪೋಖ್ರಾನಿನಲ್ಲಿ ಅಂತಿಮ ಪರೀಕ್ಷೆ ನಡೆದದ್ದು 2020ರ ಅಕ್ಟೋಬರಿನಲ್ಲಿ.

ನಮ್ಮ ಯೋಧನ ಜೀವ ಉಳಿಯುವುದೆಂದು ನನಗೆ ಸಮಾಧಾನವೇ. ಆದರೂ ಒಂದು ಸಂಗತಿ ಮನಸ್ಸನ್ನು ಬಿಡದು. ಟ್ಯಾಂಕಿನೊಳಗೆ ಮೂವರೋ ನಾಲ್ವರೋ ಕುಳಿತಿರುತ್ತಾರೆ. ಅವರ ಮೈಯ ಬಿಸುಪು ಆ ಚಿತ್ರದಲ್ಲಿ ಬೇರೆಯಾಗಿ ಕಾಣಿಸುವುದಿಲ್ಲ.